ಹೊಕ್ಕುಳು ಬೀಳುವುದರೊಳಗೆ

ನಮ್ಮೂರಿನಲ್ಲಿ ಕೂಸು ಕಣ್ಣು ಬಿಡುವುದು ಸೋದರತ್ತೆಯ ಕತೆಗೆ. ಹುಟ್ಟಿದ ಕೂಸು ಅಳುತ್ತದೆ, ಹಾಲು ಕುಡಿಯುತ್ತದೆ, ಮುಷ್ಟಿ ಬಿಗಿದು ಕಾಲು ಒದೆಯುತ್ತದೆ, ರೆಪ್ಪೆ ಮಾತ್ರ ಮುಚ್ಚಿಕೊಂಡೇ ಇರುತ್ತದೆ. ಅದರ ಅಪ್ಪನ ಅಕ್ಕನೋ ತಂಗಿಯೋ ಬಂದು, ಪಕ್ಕದಲ್ಲಿ ಕೂತು, ಯಾರೂ ಯಾರಿಗೂ ಹೇಳಿರದ ಒಂದು ಕತೆಯನ್ನು ಅದರ ಕಿವಿಯಲ್ಲಿ ಹೇಳಬೇಕು. ಆಗ ಕಣ್ಣು ಬಿಡುತ್ತದೆ. ಆ ಕತೆ ಮೊದಲೇ ಯಾರ ಕಿವಿಗಾದರೂ ಬಿದ್ದಿದ್ದರೆ ಕೆಲಸಕ್ಕೆ ಬರುವುದಿಲ್ಲ. ಅಂಥದನ್ನು ನಾವು ಎಂಜಲು ಕತೆ ಎನ್ನುತ್ತೇವೆ. ಹೊಕ್ಕುಳಬಳ್ಳಿಯ ತುಂಡು ಒಣಗಿ ಬೀಳುವುದರೊಳಗೆ ಇಷ್ಟೂ ಆಗಿಬಿಡಬೇಕು. ಬಿದ್ದ ಮೇಲೆ ಎಂಥ ಕತೆಗೂ ರೆಪ್ಪೆ ಏಳುವುದಿಲ್ಲ.

ಹೀಗಾಗಿ ನಮ್ಮೂರಿನವರು ಕತೆಯ ವಿಷಯದಲ್ಲಿ ಬಹಳ ಜಿಪುಣರು. ಕಟ್ಟೆಯ ಮೇಲೆ ಕೂತ ಗಂಡಸರು ತರಕಾರಿ ಬೆಲೆ, ಬಸ್ಸು ತಡವಾದದ್ದು, ಮಂಡಿನೋವು ಇಂಥವನ್ನೇ ಆಡುತ್ತಾರೆ. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವುದು ಅವರವರ ಕಣ್ಣು ತೆರೆಸಿದ ಎಂಜಲು ಕತೆಗಳನ್ನೇ. ಪರವೂರಿನ ಬಳೆಗಾರ ಮಾತಿನ ಭರದಲ್ಲಿ ಒಂದೂರಿನಲ್ಲಿ ಒಬ್ಬ ಎಂದು ಶುರು ಮಾಡಿದನೆಂದರೆ, ಬಸುರಿ ಇರುವ ಮನೆಯ ಹೆಂಗಸರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾರೆ. ಅಣ್ಣ ತಮ್ಮಂದಿರ ಮದುವೆ ಗೊತ್ತಾದ ದಿನದಿಂದಲೇ ಹೆಣ್ಣುಮಕ್ಕಳಿಗೆ ಒಳಗೊಳಗೇ ದಿಗಿಲು ಹುಟ್ಟುತ್ತದೆ. ಆ ದಿಗಿಲೇ ನನಗೆ ಹೊಟ್ಟೆಪಾಡಾಗಿತ್ತು.

ನಾನು ಅಂಬುಜ. ಕತೆ ಹುಟ್ಟದೆ ಒದ್ದಾಡುವ ಸೋದರತ್ತೆಯರು ನನ್ನ ಹತ್ತಿರ ಬರುತ್ತಿದ್ದರು. ನಾನು ಅವರಿಗೆ ಕತೆ ಕೊಡುತ್ತಿರಲಿಲ್ಲ, ಕೊಟ್ಟರೆ ಎಂಜಲಾಗುತ್ತದೆ, ಹುಟ್ಟಿಸಿಕೊಳ್ಳುವುದನ್ನು ಹೇಳಿಕೊಡುತ್ತಿದ್ದೆ. ಬಂದವಳ ಕೈಗೆ ಮೊದಲು ಒಂದು ಮೊರ ಕೊಡುವುದು. ಮನೆಯೆಲ್ಲ ಸುತ್ತಿ, ಒಂದಕ್ಕೊಂದು ನಂಟಿಲ್ಲದ ಮೂರು ಸಾಮಾನು ಅದರಲ್ಲಿ ಹಾಕಿಕೊಂಡು ಬಾ ಎನ್ನುವುದು. ಒಬ್ಬಳು ಹಲ್ಲು ಮುರಿದ ಬಾಚಣಿಗೆ, ಬೆಲ್ಲದ ಚೂರು, ಗಂಡನ ಒಂಟಿ ಚಪ್ಪಲಿ ತಂದಿದ್ದಳು. ಈ ಮೂರೂ ಒಂದೇ ಮೊರಕ್ಕೆ ಬಂದು ಸೇರಿದ್ದು ಹೇಗೆ ಎಂದು ನಿನ್ನನ್ನೇ ಕೇಳಿಕೊ ಎಂದೆ. ಅದಕ್ಕೂ ಜಗ್ಗದವರನ್ನು ಒಲೆಯ ಮುಂದೆ ಕೂರಿಸಿ ಹಾಲಿಡುತ್ತಿದ್ದೆ. ಹಾಲು ಉಕ್ಕುವ ತನಕ ಬಾಯಿ ನಿಲ್ಲಿಸುವಂತಿಲ್ಲ, ಅರ್ಥವಿಲ್ಲದ್ದಾದರೂ ಆಡುತ್ತಲೇ ಇರಬೇಕು. ತೀರಾ ಹೆದರಿದವರಿಗೆ, ಬೇಕೆಂದೇ ಒಂದು ಕೆಟ್ಟ ಕತೆ ಕಟ್ಟು, ಎಷ್ಟು ಕೆಟ್ಟದಾದರೆ ಅಷ್ಟು ಒಳ್ಳೆಯದು ಎನ್ನುತ್ತಿದ್ದೆ. ಎಲ್ಲೋ ಒಂದು ಗಳಿಗೆಯಲ್ಲಿ ಅವರ ಮುಖ ಬದಲಾಗುತ್ತಿತ್ತು, ಕಣ್ಣು ನನ್ನನ್ನು ಬಿಟ್ಟು ದೂರಕ್ಕೆ ಹೋಗುತ್ತಿತ್ತು. ಸಾಕು, ಬಾಯಿ ಮುಚ್ಚಿಕೊ, ನೆಟ್ಟಗೆ ಮನೆಗೆ ಹೋಗು ಎನ್ನುತ್ತಿದ್ದೆ. ಬಾಯಿಗೆ ಸೆರಗು ಒತ್ತಿ, ತುಂಬಿದ ಕೊಡ ಹೊತ್ತವರ ಹಾಗೆ ಹುಷಾರಾಗಿ ಹೆಜ್ಜೆ ಇಡುತ್ತ ಹೋಗುತ್ತಿದ್ದರು. ಕೂಸು ಕಣ್ಣು ಬಿಟ್ಟ ಮೇಲೆ ಸಕ್ಕರೆ ತಂದುಕೊಟ್ಟು ಕತೆಯನ್ನು ನನಗೂ ಹೇಳುವರು. ಊರಿನ ಎಷ್ಟೋ ಕಣ್ಣುಗಳ ಕತೆ ಹಾಗೆ ನನ್ನ ತಲೆಯಲ್ಲಿ ಸೇರಿಕೊಂಡಿತ್ತು.

ನಾನು ಮಾತ್ರ ಯಾವ ಕೂಸಿನ ಕಣ್ಣನ್ನೂ ತೆರೆಸಿದವಳಲ್ಲ. ದಡದಲ್ಲಿ ನಿಂತು ಈಜು ಕಲಿಸುತ್ತಿದ್ದವಳು ಎಂದರೂ ನಡೆದೀತು. ನನಗಿದ್ದವನು ಒಬ್ಬನೇ ತಮ್ಮ, ಶ್ರೀಕಂಠ. ಅಪ್ಪ ಅಮ್ಮ ಹೋದ ಮೇಲೆ ನಾನೇ ಸಾಕಿದವನು. ನಾನು ಮದುವೆಯಾಗಲಿಲ್ಲ, ಅವನ ಮದುವೆ ಶಾಂಭವಿಯ ಜೊತೆ ಮಾಡಿದೆ. ಅವಳ ತವರು ಇದೇ ಊರು, ನಮ್ಮ ಬೀದಿಯ ಹಿಂದಿನ ಬೀದಿ. ಅವರಿಗೆ ಹುಟ್ಟುವ ಮಗುವಿಗೆಂದು ನನ್ನ ಹತ್ತಿರ ಒಂದು ಕತೆ ಇತ್ತು. ಅದು ಮೊರದಿಂದ ಬಂದದ್ದಲ್ಲ, ಹಾಲಿನ ಮುಂದೆ ಬಂದದ್ದಲ್ಲ. ಶ್ರೀಕಂಠನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದೆ, ತಾನಾಗಿ ಬಂತು. ಅದನ್ನು ಯಾರಿಗೂ ಹೇಳದೆ, ಒಬ್ಬಳೇ ಇದ್ದಾಗಲೂ ತುಟಿ ಅಲ್ಲಾಡಿಸದೆ ಇಟ್ಟುಕೊಂಡಿದ್ದೆ.

ಶಾಂಭವಿಯ ಮೊದಲ ಹೆರಿಗೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಉಸಿರಿರಲಿಲ್ಲ. ಅವಳಮ್ಮ ತಿಮ್ಮಾಜಮ್ಮನವರು ಕೂಸನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿ, ಗಂಡಸರು ಬರುವ ತನಕ ಹಿಡಿದುಕೊಂಡಿರಿ ಎಂದು ನನ್ನ ಮಡಿಲಿಗೆ ಹಾಕಿ ಮಗಳನ್ನು ನೋಡಿಕೊಳ್ಳಲು ಹೋದರು. ಹಿತ್ತಿಲಿನಲ್ಲಿ ನಾನೊಬ್ಬಳೇ. ಎಲ್ಲ ಇತ್ತು ಆ ಮುಖದಲ್ಲಿ, ಶ್ರೀಕಂಠನ ಹಣೆ, ಶಾಂಭವಿಯ ಗಲ್ಲ. ನಾನು ಬಗ್ಗಿ, ಅಷ್ಟು ವರ್ಷ ಇಟ್ಟುಕೊಂಡಿದ್ದ ಕತೆಯನ್ನು ಮೊದಲಿನಿಂದ ಕೊನೆಯ ತನಕ ಅದರ ಕಿವಿಯಲ್ಲಿ ಹೇಳಿದೆ. ಯಾಕೆ ಹೇಳಿದೆ ಎಂದು ಕೇಳಿದರೆ ನನಗೆ ಇವತ್ತಿಗೂ ಉತ್ತರ ತಿಳಿಯದು. ಅವಳಿಗೆಂದೇ ಇಟ್ಟದ್ದು, ಅವಳಿಗೆ ಕೊಟ್ಟೆ, ಅಷ್ಟೆ. ಯಾರಿಗೂ ಹೇಳಲಿಲ್ಲ.

ಆಮೇಲೆ ಕೆಲವು ವರ್ಷ ಶಾಂಭವಿಗೆ ಬಸಿರು ನಿಲ್ಲಲಿಲ್ಲ. ನಿಂತಾಗ ಊರೇ ಅವಳನ್ನು ನೋಡಿಕೊಂಡಿತು. ಕಾಯಿಲೆಯಿಲ್ಲ ಕಸಾಲೆಯಿಲ್ಲ, ಗಂಡುಕೂಸು ಹುಟ್ಟಿತು, ಬಾಯಿ ತುಂಬ ಅತ್ತಿತು. ಬೀದಿಯವರೆಲ್ಲ ನನ್ನ ಮುಖ ನೋಡಿ ನಕ್ಕರು. ಇನ್ನೇನು, ಸೋದರತ್ತೆ ಊರಿಗೇ ಹೇಳಿಕೊಡುವವರು, ಇವತ್ತು ಸಂಜೆಯೊಳಗೆ ಕಣ್ಣು ಬಿಡುತ್ತದೆ ಎಂದರು. ನನ್ನ ಹತ್ತಿರ ಏನೂ ಇಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಬಸಿರಿನ ಅಷ್ಟೂ ತಿಂಗಳು ಕಾದಿದ್ದೆ, ಬರುತ್ತದೆ, ಹೆರಿಗೆಯ ಹೊತ್ತಿಗೆ ಬಂದೇ ಬರುತ್ತದೆ ಎಂದು. ಬಂದಿರಲಿಲ್ಲ.

ಪದ್ಧತಿಯಂತೆ ಎಲ್ಲರನ್ನೂ ಹೊರಗೆ ಕಳಿಸಿದರು. ಶಾಂಭವಿಯನ್ನೂ ಅವಳಮ್ಮ ತೋಳು ಹಿಡಿದು ನಡುಮನೆಗೆ ಕರೆದುಕೊಂಡು ಹೋದರು. ಕದ ಮುಚ್ಚಿತು. ಕೂಸು ನನ್ನೆದುರು ಮಲಗಿತ್ತು, ರೆಪ್ಪೆಯಂಚಿನಲ್ಲಿ ಹಸಿ ಎಣ್ಣೆ ಹೊಳೆಯುತ್ತಿತ್ತು. ಉಸಿರಿಲ್ಲದ ಕಿವಿ ಕಿವಿಯೇ ಅಲ್ಲ ಎಂದು ನಾನು ದಾರಿಯುದ್ದಕ್ಕೂ ನನಗೆ ಹೇಳಿಕೊಂಡು ಬಂದಿದ್ದೆ. ಯಾರೂ ಕೇಳದ ಕತೆ ಎಂಜಲು ಹೇಗಾದೀತು. ಆ ಧೈರ್ಯದಲ್ಲಿ ಬಗ್ಗಿ ಅದೇ ಕತೆಯನ್ನು ಈ ಕೂಸಿಗೂ ಹೇಳಿದೆ. ಮುಗಿಯಿತು. ಕಾದೆ. ಕೂಸು ಆಕಳಿಸಿತು, ಬೆರಳು ಬಾಯಿಗೆ ಇಟ್ಟುಕೊಂಡಿತು. ರೆಪ್ಪೆ ಅಲುಗಲಿಲ್ಲ.

ಹೊರಗೆ ಬಂದು, ಇವತ್ತು ಗಂಟಲು ಸರಿಯಿಲ್ಲ, ನಾಳೆ ಹೇಳುತ್ತೇನೆ ಎಂದೆ. ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದ ತಿಮ್ಮಾಜಮ್ಮನವರು ಬಟ್ಟಲನ್ನು ಮೆಲ್ಲಗೆ ಗೂಡಿನಲ್ಲಿಟ್ಟರು.

ಮನೆಗೆ ಬಂದವಳೇ ಮೊರ ಹಿಡಿದು ಹೊರಟೆ. ಬೀಗದ ಕೈ, ಒಣಮೆಣಸಿನಕಾಯಿ, ಶ್ರೀಕಂಠನ ಹಳೆಯ ಗೋಲಿ. ಮೊರದ ಮುಂದೆ ಕೂತೆ. ಬೀಗದ ಕೈ ಎಂದರೆ ಬಾವಿಗೆ ಬೀಗ ಹಾಕಿದ ಮುದುಕನ ಕತೆ ನೆನಪಾಗುತ್ತದೆ. ಅದು ಪಕ್ಕದ ಮನೆಯ ಹುಡುಗಿಯ ಕಣ್ಣಿನದು. ಗೋಲಿ ಎಂದರೆ ಚಂದ್ರನನ್ನು ಗೋಲಿಯೆಂದು ನುಂಗಿದ ಆನೆಯದು. ಅದು ಅಕ್ಕಸಾಲಿಗರ ಮಗನದು. ಎತ್ತ ಕೈ ಚಾಚಿದರೂ ಯಾರದೋ ಎಂಜಲು. ಸಾಮಾನು ಬದಲಿಸಿದೆ, ಮತ್ತೆ ಬದಲಿಸಿದೆ. ಹಾಲಿಟ್ಟೆ. ಬಾಯಿಗೆ ಬಂದದ್ದು ಆಡುತ್ತ ಹೋಗು ಎಂದು ಎಷ್ಟು ಜನರಿಗೆ ಹೇಳಿದ್ದೆನೋ, ನನ್ನ ಬಾಯಿಂದ ಬಂದದ್ದು ಮಾತ್ರ ಹೊಕ್ಕುಳು, ಹೊಕ್ಕುಳು ಎಂಬ ಒಂದೇ ಮಾತು. ಹಾಲು ಉಕ್ಕಿ ಒಲೆಯೆಲ್ಲ ಸೀದ ವಾಸನೆ. ಬೇಕೆಂದೇ ಕೆಟ್ಟ ಕತೆ ಕಟ್ಟಲು ಕೂತೆ. ಕಟ್ಟುವ ಮೊದಲೇ ನನ್ನೊಳಗಿನ ಮಾಸ್ತರಿಣಿ ಇದು ಬೇಡ, ಇದರಿಂದ ಆಗುವುದಿಲ್ಲ ಎಂದು ಹೊಡೆದುಹಾಕಿದಳು. ಆಮೇಲೆ ಬೀದಿಗೆ ಹೋಗಿ ನಿಂತೆ. ದಾರಿಹೋಕರ ಅರ್ಧ ಮಾತು ಕದ್ದು ಕೇಳಿ ಉಳಿದರ್ಧ ನೀನೇ ಕಟ್ಟಿಕೊ ಎನ್ನುವುದು ನನ್ನ ಇನ್ನೊಂದು ಪಾಠ. ಆದರೆ ನನ್ನನ್ನು ಕಂಡವರೆಲ್ಲ ಅರ್ಧ ಮಾತನ್ನೂ ನುಂಗಿಕೊಂಡು ಹೋದರು. ಸುದ್ದಿ ಹರಡಿತ್ತು.

ಮಾರನೆಯ ದಿನವೂ ಗಂಟಲಿನ ನೆಪ ಹೇಳಿದೆ. ಅದರ ಮಾರನೆಯ ದಿನ ಹೇಳಲು ಮುಖವಿರಲಿಲ್ಲ. ಹೋಗಿ ಕದ ಹಾಕಿಕೊಂಡು ಕೂಸಿನ ಪಕ್ಕ ಸುಮ್ಮನೆ ಕೂತು ಎದ್ದು ಬಂದೆ. ನೀರೆರೆಯುವಾಗ ಹೊಕ್ಕುಳನ್ನು ನೋಡದೆ ಇರಲು ಆಗುತ್ತಿರಲಿಲ್ಲ. ಮೊದಲ ದಿನ ಬೆಳ್ಳಗೆ ಹಸಿಯಾಗಿದ್ದದ್ದು ಮೆಲ್ಲಗೆ ಹಳದಿಗೆ ತಿರುಗಿ, ಕಂದಿ, ಹುಣಸೆಬೀಜದ ಬಣ್ಣಕ್ಕೆ ಬಂತು. ತಿಮ್ಮಾಜಮ್ಮನವರು ಅದಕ್ಕೆ ಬಟ್ಟೆ ಉಜ್ಜದ ಹಾಗೆ, ಗಾಳಿಯೂ ಸೋಕದ ಹಾಗೆ ನೋಡಿಕೊಳ್ಳುತ್ತಿದ್ದರು. ಬೇರೆ ಮನೆಗಳಲ್ಲಿ ಬೇಗ ಒಣಗಲೆಂದು ಮಾಡುವುದನ್ನೆಲ್ಲ ಇವರು ಒಣಗದಿರಲೆಂದು ಬಿಟ್ಟಿದ್ದರು. ಬೀದಿಯ ಹೆಂಗಸರು ಸರದಿಯಂತೆ ಬಂದು ಇಣುಕಿ ಹೋಗುತ್ತಿದ್ದರು. ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ ಇಬ್ಬರು ಬರುವುದನ್ನು ನಿಲ್ಲಿಸಿದರು.

ನನಗೆ ಅನ್ನ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಈರಯ್ಯ ಕಾಣುತ್ತಿದ್ದ. ಊರಿನ ಹಿಟ್ಟಿನ ಗಿರಣಿ ಅವನದು. ಈಗ ಬದುಕಿರುವವರಲ್ಲಿ ಕಣ್ಣು ತೆರೆಯದೆ ಉಳಿದವನು ಅವನೊಬ್ಬನೇ. ಅವನ ಸೋದರತ್ತೆಗೆ ಕತೆ ಹುಟ್ಟಲಿಲ್ಲವಂತೆ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆ. ಕೊನೆಗೆ ಒಂದು ಬೆಳಿಗ್ಗೆ, ರಾಗಿ ಬೀಸಿಸುವ ನೆಪ ಮಾಡಿಕೊಂಡು ಅವನ ಗಿರಣಿಗೆ ಹೋದೆ. ಬೇರೆ ಗಿರಾಕಿಗಳಿರಲಿಲ್ಲ. ಯಂತ್ರ ನಿಲ್ಲಿಸಿ ಸ್ಟೂಲು ಕೊಟ್ಟು ಕೂರಿಸಿದ. ನಾನು ಬಂದದ್ದು ಯಾತಕ್ಕೆಂದು ಅವನಿಗೆ ತಿಳಿದಿತ್ತು, ಊರಿಗೇ ತಿಳಿದಿತ್ತಲ್ಲ.

ಅವನ ಅತ್ತೆಗೆ ಕತೆ ಬರುತ್ತಿರಲಿಲ್ಲ ಎನ್ನುವುದು ಸುಳ್ಳಂತೆ. ಬರುತ್ತಿತ್ತು. ಶುರು ಮಾಡುವಳು, ನಾಲ್ಕು ಮಾತು ಆಡುವಳು, ಇದು ಸಾಲದು, ನನ್ನ ಅಣ್ಣನ ಮಗನಿಗೆ ಇದು ಸಾಲದು ಎಂದು ಬಿಟ್ಟುಬಿಡುವಳು. ಹಾಗೆ ಮಾಡುತ್ತ ಮಾಡುತ್ತ ಹೊಕ್ಕುಳು ಬಿದ್ದುಹೋಯಿತು. ಆಮೇಲೂ ಅವಳು ಬಿಡಲಿಲ್ಲ. ಅವನು ಶಾಲೆಗೆ ಹೋಗುವಾಗ, ಮೀಸೆ ಬಂದಾಗ, ಮದುವೆಯಾದ ಮೇಲೂ ಬಂದು ಕಿವಿಯಲ್ಲಿ ಹೊಸದೊಂದು ಕತೆ ಶುರು ಮಾಡುತ್ತಿದ್ದಳಂತೆ. ಒಂದನ್ನೂ ಮುಗಿಸಲಿಲ್ಲವಂತೆ.

"ನೀವೆಲ್ಲ ನನ್ನ ಕಣ್ಣಿನ ಬಗ್ಗೆ ಮರುಕ ಪಡ್ತೀರಿ," ಎಂದ ಈರಯ್ಯ. "ಕಣ್ಣಿಲ್ಲದ್ದು ನಂಗೆ ಅಭ್ಯಾಸ ಆಗೋಯ್ತು ಅಂಬುಜಮ್ಮ. ಅವಳು ಬಂದು ಪಕ್ಕದಲ್ಲಿ ಕೂತ್ರೆ ಅವಳ ಕೈ ನಡುಗ್ತಿತ್ತಲ್ಲ, ಅದು ಮಾತ್ರ ಅಭ್ಯಾಸ ಆಗ್ಲಿಲ್ಲ."

ನಾನು ಸೆರಗಿನೊಳಗೆ ಕೈ ಮುಚ್ಚಿಕೊಂಡೆ, ಅವನಿಗೆ ಕಾಣುವುದಿಲ್ಲ ಎನ್ನುವುದೂ ಮರೆತು. ಹಿಟ್ಟು ತೆಗೆದುಕೊಂಡು ಬರುವಾಗ ದಾರಿಯುದ್ದಕ್ಕೂ ನನಗೆ ಕಂಡದ್ದು ಮುದುಕಿಯಾದ ನಾನು, ಮೀಸೆ ಬಂದ ನನ್ನ ತಮ್ಮನ ಮಗ, ಅವನ ಕಿವಿಯ ಹತ್ತಿರ ನನ್ನ ಬಾಯಿ. ಸಮಾಧಾನ ಹುಡುಕಿಕೊಂಡು ಹೋದವಳು ಇನ್ನೊಂದು ಹೊರೆ ಹೊತ್ತುಕೊಂಡು ಬಂದಿದ್ದೆ.

ಮನೆಯ ಜಗುಲಿಯ ಮೇಲೆ ಶ್ರೀಕಂಠ ಕೂತಿದ್ದ. ಹೊಕ್ಕುಳು ಒಂದು ಎಳೆಯಲ್ಲಿ ಜೋತಾಡುತ್ತಿದೆಯಂತೆ. ಇವತ್ತು ಬಿದ್ದರೂ ಬಿದ್ದೀತು, ನಾಳೆ ಬೆಳಗು ಕಂಡರೆ ಹೆಚ್ಚು ಎಂದು ತಿಮ್ಮಾಜಮ್ಮನವರು ಹೇಳಿಕಳಿಸಿದ್ದರು. ಅವನು ನನ್ನನ್ನು ಬೈಯಲಿ ಎಂದು ನಾನು ಕಾದೆ. ಬೈಯಲಿಲ್ಲ. ಚಿಕ್ಕವನಿದ್ದಾಗ ಜ್ವರ ಬಂದರೆ ನನ್ನನ್ನು ನೋಡುತ್ತಿದ್ದ ಹಾಗೇ ನೋಡಿದ.

"ಅಕ್ಕ, ನಿಂಗೆ ಆಗ್ದೆ ಇದ್ರೆ ಆಗಲ್ಲ ಅಂತ ಹೇಳ್ಬಿಡು," ಎಂದ. "ನಾವು ಹೇಗೋ ಸಾಕ್ತೀವಿ. ಆದ್ರೆ ಶಾಂಭವಿಗೆ ನೀನೇ ಹೇಳ್ಬೇಕು. ನನ್ನ ಕೈಲಿ ಆಗಲ್ಲ."

ಹಿಟ್ಟಿನ ಡಬ್ಬಿಯನ್ನು ಅಲ್ಲೇ ಇಟ್ಟು ಹೊರಟೆ.

ನಾನು ಹೋದಾಗ ಮಧ್ಯಾಹ್ನ. ನೀರು ಎರೆದಾಗಿತ್ತು. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿತ್ತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಶಾಂಭವಿ ಗೋಡೆಗೆ ಒರಗಿ ಕೂತಿದ್ದಳು, ಕೂಸು ಅವಳ ಚಾಚಿದ ಕಾಲುಗಳ ಮೇಲೆ ಮಲಗಿತ್ತು. ತಿಮ್ಮಾಜಮ್ಮನವರು ನನ್ನನ್ನು ಕಂಡೊಡನೆ ಮಗಳನ್ನು ಎಬ್ಬಿಸಲು ಬಂದರು. ಅವಳು ಏಳಲಿಲ್ಲ. ತಾನು ಹೊರಗೆ ಹೋಗುವುದಿಲ್ಲ, ಇಷ್ಟು ದಿನ ಹೋಗಿದ್ದರಿಂದ ಆದದ್ದೇನು ಎಂದಳು. ಪದ್ಧತಿ ಮುರಿದರೆ ಕೆಡುಕಾಗುತ್ತದೆ ಎಂದು ಅವಳಮ್ಮ ಹೇಳಿದರು. ಇನ್ನೇನು ಕೆಡುವುದಿದೆ ಎಂದಳು ಶಾಂಭವಿ. ತಿಮ್ಮಾಜಮ್ಮನವರು ನನ್ನ ಕಡೆ ಒಮ್ಮೆ ನೋಡಿ, ಕದ ಎಳೆದುಕೊಂಡು ಹೊರಗೆ ಹೋದರು. ನಡುಮನೆಯಲ್ಲಿ ಬೀದಿಯ ಹೆಂಗಸರು ಕೂತಿದ್ದರು. ಅವರ ಪಿಸುಮಾತು ಕದದಾಚೆಯಿಂದ ಕೇಳುತ್ತಿತ್ತು.

ನಾನು ಚಾಪೆಯ ಮೇಲೆ ಕೂತೆ. ಹೇಳಲು ಬಂದದ್ದು ಒಂದೇ ಮಾತು, ನನ್ನಿಂದ ಆಗಲಿಲ್ಲ ಎಂದು. ಆದರೆ ಅಷ್ಟು ಹೇಳಿದರೆ ಅವಳಿಗೆ ಸಾಲದು ಎನ್ನಿಸಿತು. ಇವಳ ಮಗ ಜನ್ಮವಿಡೀ ಕಣ್ಣು ತೆರೆಯದೆ ಇರುವುದಾದರೆ ಕಾರಣ ಇವಳಿಗೆ ತಿಳಿಯಬೇಕು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಕತೆ. ಅದನ್ನು ನಿನ್ನ ಮೊದಲ ಮಗಳಿಗೆ ಹೇಳಿಬಿಟ್ಟೆ, ಹಿತ್ತಿಲಿನಲ್ಲಿ, ಬಟ್ಟೆ ಸುತ್ತಿ ನನ್ನ ಮಡಿಲಲ್ಲಿ ಹಾಕಿದ್ದಾಗ. ಇವನು ಹುಟ್ಟಿದ ದಿನ ಅದನ್ನೇ ಮತ್ತೆ ಹೇಳಿ ನೋಡಿದೆ. ಉಸಿರಿಲ್ಲದವಳಿಗೆ ಹೇಳಿದ್ದು ಲೆಕ್ಕಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಇವನು ಕಣ್ಣು ಬಿಡಲಿಲ್ಲ. ಕತೆ ಎಂಜಲಾಗಿತ್ತು.

ಶಾಂಭವಿ ಕೂಸಿನ ಪಾದವನ್ನು ಹಿಡಿದುಕೊಂಡಿದ್ದಳು, ಹೆಬ್ಬೆರಳಿನಿಂದ ಅದರ ಅಂಗಾಲನ್ನು ತೀಡುತ್ತಿದ್ದಳು. ಅವಳು ಈಗ ಏನು ಅಂದರೂ ತಡೆದುಕೊಳ್ಳಬೇಕೆಂದು ನಾನು ನೆಲ ನೋಡುತ್ತ ಕೂತಿದ್ದೆ.

"ಹಾಗಾದ್ರೆ ಅವಳಿಗೆ ಕೇಳಿಸಿದೆ," ಎಂದಳು.

ನಾನು ತಲೆ ಎತ್ತಿದೆ.

"ಎಂಜಲಾಗಿದೆ ಅಂದ್ರೆ ಯಾರೋ ಕೇಳಿಸ್ಕೊಂಡಿದ್ದಾರೆ ಅಂತ ತಾನೆ, ಅತ್ತಿಗೆ? ನೀವು ಬೇರೆ ಯಾರಿಗೂ ಹೇಳಿಲ್ಲ. ಅವಳಿಗೆ ಕೇಳಿಸಿದೆ."

ಅಷ್ಟು ದಿನ ನಾನು ಆ ಸೋಲನ್ನು ತಿರುಗಿಸಿ ಮುರುಗಿಸಿ ನೋಡಿದ್ದೆ, ಹೀಗೆ ನೋಡಿರಲಿಲ್ಲ. ಅವಳು ಅಳಲಿಲ್ಲ. ಅವಳ ಮುಖದಲ್ಲಿ ಏನೋ ಒಂದು ಬಿಗಿ ಸಡಿಲವಾಗಿತ್ತು, ಹಸಿದವರ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು. ಆ ಕತೆ ಯಾವುದು ಎಂದು ಕೇಳಿದಳು. ಎಂಜಲಾದ ಮೇಲೆ ಹೇಳುವುದಕ್ಕೆ ಏನಡ್ಡಿ. ಹೇಳಿದೆ.

ಒಂದೂರಿನಲ್ಲಿ ನೆರಳು ಹಾಸುವ ಹುಡುಗಿ ಇದ್ದಳು. ಬೆಳಕು ಹರಿಯುವ ಮೊದಲು ಎದ್ದು, ಮಡಿಚಿಟ್ಟ ನೆರಳುಗಳನ್ನೆಲ್ಲ ಹೊತ್ತುಕೊಂಡು ಹೋಗಿ, ಮರದ್ದನ್ನು ಮರದ ಕೆಳಗೆ, ಎಮ್ಮೆಯದನ್ನು ಎಮ್ಮೆಯ ಕೆಳಗೆ, ಮನುಷ್ಯರದನ್ನು ಅವರವರ ಬಾಗಿಲಲ್ಲಿ ಹಾಸಿ ಬರುವುದು ಅವಳ ಕೆಲಸ. ಒಂದು ದಿನ ಎಲ್ಲ ಹಾಸಿದ ಮೇಲೂ ಒಂದು ನೆರಳು ಉಳಿಯಿತು. ಮನೆಮನೆಗೆ ಹೋಗಿ ಕೇಳಿದಳು. ಎಲ್ಲರಿಗೂ ಅವರವರದು ಇತ್ತು. ಸುತ್ತಿ ಸುತ್ತಿ ಬಿಸಿಲೇರಿದ ಮೇಲೆ ತನ್ನ ಕಾಲ ಬುಡ ನೋಡಿಕೊಂಡರೆ ಅಲ್ಲಿ ಬರಿ ನೆಲ. ಊರಿಗೆಲ್ಲ ಹಾಸಿದವಳಿಗೆ ತನ್ನದೇ ಇರಲಿಲ್ಲ. ಆ ನೆರಳನ್ನು ತನ್ನ ಕಾಲಿಗೆ ಕಟ್ಟಿಕೊಂಡು ಮನೆಗೆ ಹೋದಳು.

"ಅಷ್ಟೇನಾ?" ಎಂದಳು ಶಾಂಭವಿ.

ಅಷ್ಟೇ ಎಂದೆ.

"ಅದು ಅವಳ್ದೇ ಅಂತ ಹೇಗೆ ಗೊತ್ತಾಯ್ತು? ಸರಿಹೋಯ್ತಾ ಅವಳಿಗೆ?"

ಕತೆ ಮುಗಿದಿದೆ, ಸರಿಹೋಯಿತು ಎಂದೇ ಇಟ್ಟುಕೊಳ್ಳಬೇಕು ಎಂದೆ. ಅವಳು ಒಪ್ಪಲಿಲ್ಲ. ಪೀಡಿಸುವ ದನಿಯಲ್ಲಿ ಕೇಳುತ್ತಲೇ ಹೋದಳು. ಮಗಳು ಅದನ್ನು ಕೇಳಿಸಿಕೊಂಡು ಹೋಗಿದ್ದಾಳೆ ಎಂದ ಮೇಲೆ, ಅಲ್ಲಿ ಕೂತು ಅವಳೂ ಇದನ್ನೇ ಕೇಳುತ್ತಿರುತ್ತಾಳೆ, ಆ ನೆರಳಿನ ಹುಡುಗಿ ಒಬ್ಬಳೇ ಮನೆಗೆ ಹೋದದ್ದಕ್ಕೆ ಯಾವ ಮಗು ಸುಮ್ಮನಾಗುತ್ತದೆ, ನೀವು ಹೇಳಿ ಎಂದಳು. ನನಗೆ ಸ್ವಲ್ಪ ಸಿಟ್ಟು ಬಂತು. ಇಲ್ಲಿ ಹೊಕ್ಕುಳು ಒಂದೆಳೆಯಲ್ಲಿ ಜೋತಾಡುತ್ತಿದೆ, ಇವಳು ಹೋದ ಮಗುವಿನ ಕತೆಗೆ ಬಾಲ ಕೇಳುತ್ತಿದ್ದಾಳೆ. ಆ ಸಿಟ್ಟಿನಲ್ಲೇ ಉತ್ತರ ಕೊಟ್ಟೆ.

"ಸರಿಹೋಗ್ಲಿಲ್ಲ," ಎಂದೆ. "ಮೊಣಕಾಲುದ್ದಾನೂ ಬರ್ಲಿಲ್ಲ. ಪುಟ್ಟ ನೆರಳು ಅದು, ಕೈಯಗಲ."

"ಮತ್ತೆ ಯಾರ್ದು?"

"ಇನ್ನೂ ಬಂದಿಲ್ಲದೋರ್ದು."

ಆಡಿದ ಮೇಲೆ ಆ ಮಾತು ನನಗೇ ಹೊಸದಾಗಿ ಕೇಳಿಸಿತು. ಶಾಂಭವಿ ಕಾಲು ಅಲುಗಿಸದೆ ಮುಂದಕ್ಕೆ ಬಾಗಿದಳು. ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಅದನ್ನು ಎಲ್ಲಿಟ್ಟಳು? ಬೇರೆ ನೆರಳುಗಳ ಜೊತೆ ಇಟ್ಟರೆ ದೊಡ್ಡವು ಅದನ್ನು ಅಮುಕಿಬಿಡುತ್ತವೆ ಎಂದು ಸೊಂಟದ ಬಟ್ಟೆಯಲ್ಲಿ ಸಿಕ್ಕಿಸಿಕೊಂಡಳು. ಅದು ಸುಮ್ಮನಿರುತ್ತಿತ್ತೇ? ಇರಲಿಲ್ಲ, ಒದೆಯುತ್ತಿತ್ತು. ಮಳೆ ಬಂದರೆ? ಮಳೆ ಮೋಡದ ದಿನ ಯಾರ ನೆರಳಿಗೂ ಕೆಲಸವಿಲ್ಲವಲ್ಲ, ಅವತ್ತು ಅದನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಅದರ ಸುಕ್ಕು ಬಿಡಿಸುತ್ತ ಕೂರುತ್ತಿದ್ದಳು. ಯಾರದೆಂದು ಹೇಗೆ ಕಂಡುಹಿಡಿದಳು? ದಿನಾ ಊರಿಗೆಲ್ಲ ಹಾಸಿದ ಮೇಲೆ ಊರಾಚೆಯ ದಾರಿಗೆ ಹೋಗಿ ನಿಂತಳು. ಹೋಗುವವರು ಬರುವವರು ಎಲ್ಲರ ಕಾಲ ಬುಡ ನೋಡಿದಳು. ಇದು ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಲು ಒಳಗಿನ ಮಾಸ್ತರಿಣಿಗೆ ಪುರಸೊತ್ತೇ ಸಿಗಲಿಲ್ಲ. ಒಂದಕ್ಕೆ ಉತ್ತರ ಕೊಡುವುದರೊಳಗೆ ಶಾಂಭವಿಯ ಇನ್ನೊಂದು ಪ್ರಶ್ನೆ ಬಂದಿರುತ್ತಿತ್ತು. ನಾನು ಕೂಸಿನ ಕಿವಿಯಲ್ಲಿ ಹೇಳುತ್ತಿರಲಿಲ್ಲ. ಅವಳ ಮುಖ ನೋಡಿಕೊಂಡು ಹೇಳುತ್ತಿದ್ದೆ.

ಕೊನೆಗೊಂದು ದಿನ, ಎಂದೆ, ದಾರಿಯಲ್ಲಿ ದೂರದಿಂದ ಒಂದು ಧೂಳು ಎದ್ದಿತು. ಧೂಳಿನೊಳಗಿಂದ ಯಾರೋ ಅಂಬೆಗಾಲಿಡುತ್ತ ಬರುತ್ತಿದ್ದರು. ಬಿಸಿಲು ನೆತ್ತಿಗೆ ಬಂದಿರಲಿಲ್ಲ, ನೆರಳು ಉದ್ದಕ್ಕೆ ಬೀಳಬೇಕಾದ ಹೊತ್ತು. ಆ ಬರುವವನ ಕೆಳಗೆ ಬರಿ ನೆಲ. ಸೊಂಟದಲ್ಲಿದ್ದದ್ದು ಜೋರಾಗಿ ಒದೆಯಿತು. ಅವಳು ಅದನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡು, ದಾರಿಯ ನಡುವೆ ಕೂತಳು.

ಶಾಂಭವಿ ನನ್ನನ್ನು ನೋಡುವುದು ಬಿಟ್ಟು ಕೆಳಗೆ ನೋಡಿದಳು. ನಾನೂ ನೋಡಿದೆ. ಕೂಸಿನ ಬಲಗಣ್ಣಿನ ರೆಪ್ಪೆ ಅಂಟಿಕೊಂಡ ಹೂವಿನ ಎಸಳಿನ ಹಾಗೆ ಒಂದು ಮೂಲೆಯಿಂದ ಬಿಡಿಸಿಕೊಂಡಿತು. ಆಮೇಲೆ ಎಡಗಣ್ಣಿನದು. ಒಳಗೆ ಬೂದುಗಪ್ಪು ಕಣ್ಣು, ಯಾವುದನ್ನೂ ಹುಡುಕದೆ, ಕಿಟಕಿಯ ಬೆಳಕಿನಲ್ಲಿ ಸುಮ್ಮನೆ ತೆರೆದುಕೊಂಡಿತ್ತು. ಹೊಕ್ಕುಳು ಇನ್ನೂ ಬಿದ್ದಿರಲಿಲ್ಲ. ಕತೆ ಪೂರ್ತಿಯಾದ ಮೇಲಲ್ಲವೇ ಕಣ್ಣು ಬಿಡುವುದು, ನಡುವೆಯೇ ಬಿಟ್ಟಿತಲ್ಲ, ಇದು ಲೆಕ್ಕಕ್ಕೆ ಬರುತ್ತದೆಯೇ, ಬಾಣಂತಿ ಕೋಣೆಯಲ್ಲಿದ್ದಳಲ್ಲ, ಅರ್ಧ ಕತೆ ಅವಳದಲ್ಲವೇ ಎಂದೆಲ್ಲ ಬೀದಿಯವರು ಆಮೇಲೆ ಬಹಳ ದಿನ ವಾದ ಮಾಡಿದರು. ಆ ಹೊತ್ತಿನಲ್ಲಿ ನನಗೆ ಅದೊಂದೂ ಹೊಳೆಯಲಿಲ್ಲ. ಮಾತು ನಿಲ್ಲಿಸಿ ಆ ಕಣ್ಣುಗಳನ್ನು ನೋಡುತ್ತ ಕೂತಿದ್ದೆ.

ಒಳಗೆ ಸದ್ದಡಗಿದ್ದು ಕೇಳಿ ತಿಮ್ಮಾಜಮ್ಮನವರು ಕದ ತಳ್ಳಿದರು. ಮೊಮ್ಮಗನ ಮುಖ ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅವರ ಹಿಂದೆ ಹೆಂಗಸರ ತಲೆಗಳು, ಅವುಗಳ ಹಿಂದೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಿದ್ದ ಶ್ರೀಕಂಠ. ಯಾರೋ ಸಕ್ಕರೆ ಎಂದರು, ಯಾರೋ ದೀಪ ಎಂದರು. ಎಲ್ಲರೂ ಒಳಗೆ ನುಗ್ಗುವುದರಲ್ಲಿದ್ದರು.

ಶಾಂಭವಿ ಒಂದು ಕೈ ಎತ್ತಿ ಅವರನ್ನು ತಡೆದಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

"ಬಾಗಿಲು ಹಾಕಮ್ಮ," ಎಂದಳು. "ಅವಳ ಕತೆ ಇನ್ನೂ ಮುಗಿದಿಲ್ಲ."

ಕದ ಮುಚ್ಚಿತು. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಶಾಂಭವಿಯ ಕಡೆ ತಿರುಗಿ ಕೂತು, ಶುರು ಮಾಡಿದೆ.